ಬಕಾಸುರನ ತಲೆಗೆ ಅಚ್ಚು ಕಟ್ಟುವ ಮೊದಲು

ಕಳೆದ ವರ್ಷ ಆಷಾಢದ ಗಾಳಿಮಳೆಯ ದಿನಗಳಲ್ಲಿ, ಹನುಮಂತನಗರದಲ್ಲಿ ನಾವು ಬಾಡಿಗೆಗಿರುವ ಮನೆಯ ತಾರಸಿಯ ಮೇಲೆ, ತಗಡಿನ ಚಪ್ಪರದಡಿಯಲ್ಲಿ ಕುಳಿತು ನಾನು ಬಕಾಸುರನ ತಲೆಯೊಂದನ್ನು ಜೇಡಿಮಣ್ಣಿನಲ್ಲಿ ಮಾಡಿದೆ. ನಾನು ಸೇರಿರುವ ಹವ್ಯಾಸಿ ನಾಟಕ ತಂಡವು ಮಕ್ಕಳಿಗಾಗಿ ಏಕಚಕ್ರನಗರದ ಕಥೆಯನ್ನು ರಂಗಕ್ಕೆ ತರಲು ಹೊರಟಿತ್ತು. ಮುಖವಾಡಗಳ ಜವಾಬ್ದಾರಿ ಎಂದಿನಂತೆ ನನ್ನ ಪಾಲಿಗೆ ಬಂದಿತ್ತು. ಅದಕ್ಕೆ ಮೊದಲು ನಾವು ಹೆಚ್ಚಾಗಿ ಹಳೆಯ ದಿನಪತ್ರಿಕೆಗಳನ್ನು ಮೈದಾ ಗೋಂದಿನಲ್ಲಿ ಪದರ ಪದರವಾಗಿ ಅಂಟಿಸಿ ಮಾಡಿದ ಕಾಗದದ ಮುಖವಾಡಗಳನ್ನೇ ಬಳಸುತ್ತಿದ್ದೆವು. ಅವು ಹಗುರವಾಗಿರುತ್ತವೆ, ಖರ್ಚೂ ಕಡಿಮೆ. ಆದರೆ ನಟನ ತುಟಿ ಎಷ್ಟೇ ಆಡಿದರೂ ಮುಖವಾಡದ ತುಟಿ ಆಡುವುದಿಲ್ಲ. ಬಂಡಿಗಟ್ಟಲೆ ಅನ್ನ ತಿನ್ನುವುದೇ ಕಸುಬಾದ ರಾಕ್ಷಸನ ಬಾಯಿ ಕದಲದಿದ್ದರೆ, ಮುಂದಿನ ಸಾಲಿನಲ್ಲಿ ಕುಳಿತ ಎಂಟು ವರ್ಷದ ಪ್ರೇಕ್ಷಕರು ಕ್ಷಮಿಸುವುದಿಲ್ಲವೆಂಬುದು ನಮಗೆ ಅನುಭವದಿಂದ ತಿಳಿದಿತ್ತು. ಹೀಗಾಗಿ ಈ ಬಾರಿ ತಲೆಯನ್ನು ಪೂರ್ತಿಯಾಗಿ ಮುಚ್ಚುವ, ನಟನ ಕೆನ್ನೆಯೊಂದಿಗೆ ತಾನೂ ಅಲುಗುವ ಲ್ಯಾಟೆಕ್ಸ್ ಮುಖವಾಡವೇ ಬೇಕೆಂದು ನಿರ್ಧಾರವಾಯಿತು.

ಇದು ನಾನು ಮಾಡಿದ ಮೂರನೆಯ ಲ್ಯಾಟೆಕ್ಸ್ ಮುಖವಾಡ. ಮೊದಲಿನ ಎರಡನ್ನೂ ನಾನೇ ಹಾಳುಮಾಡಿದ್ದೆ. ಎರಡೂ ಸಲ ತಪ್ಪು ನಡೆದದ್ದು ಶಿಲ್ಪ ಮುಗಿಯಿತೆಂದು ಕೈ ತೊಳೆದುಕೊಂಡ ಗಳಿಗೆಗೂ ಪ್ಲಾಸ್ಟರ್ ಕಲಸಲು ಕೊನೆಯ ಸಲ ಬಕೆಟ್ ಎತ್ತಿಕೊಂಡ ಗಳಿಗೆಗೂ ನಡುವೆ. ಮಣ್ಣಿನ ಮುಖವನ್ನು ವಾರಗಟ್ಟಲೆ ತಿದ್ದಿದವಳು, ಅದನ್ನು ಅಚ್ಚಿಗೆ ಸಿದ್ಧಪಡಿಸುವ ಕೆಲಸಕ್ಕೆ ಅರ್ಧ ದಿನವನ್ನೂ ಕೊಟ್ಟಿರಲಿಲ್ಲ. ಬಕಾಸುರನಿಗೆ ಐದು ದಿನ ಕೊಟ್ಟೆ. ಈ ಬರಹದ ಹೆಚ್ಚಿನ ಭಾಗ ಆ ಐದು ದಿನಗಳಿಗೆ ಸಂಬಂಧಿಸಿದ್ದು.

ಪ್ಲಾಸ್ಟರಿನ ಅಚ್ಚಿನಲ್ಲಿ ಲ್ಯಾಟೆಕ್ಸ್ ಹೇಗೆ ಮುಖವಾಡವಾಗುತ್ತದೆ ಎಂಬುದನ್ನು ಮೊದಲು ಹೇಳದಿದ್ದರೆ, ಮುಂದೆ ಹೇಳುವ ಎಷ್ಟೋ ಎಚ್ಚರಿಕೆಗಳಿಗೆ ಅರ್ಥವಿರುವುದಿಲ್ಲ. ಡಬ್ಬದಲ್ಲಿ ಬರುವ ಲ್ಯಾಟೆಕ್ಸ್ ಎಂದರೆ ರಬ್ಬರ್ ಮರದ ಹಾಲನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಗಾಢಗೊಳಿಸಿದ ದ್ರವ. ಅದರಲ್ಲಿ ನೂರಕ್ಕೆ ಸುಮಾರು 60 ಭಾಗ ರಬ್ಬರಿನ ಸೂಕ್ಷ್ಮ ಕಣಗಳಿದ್ದು, ಉಳಿದದ್ದು ಬಹುಪಾಲು ನೀರು. ಅದು ಡಬ್ಬದಲ್ಲಿಯೇ ಗಡ್ಡೆಕಟ್ಟಿ ಕೆಡದಿರಲೆಂದು ಅಮೋನಿಯಾ ಬೆರೆಸಿರುತ್ತಾರೆ. ಮುಚ್ಚಳ ತೆರೆದ ಕೂಡಲೆ ಕಣ್ಣಲ್ಲಿ ನೀರು ಬರಿಸುವುದು ಅದೇ. ಒಣಗಿದ ಪ್ಲಾಸ್ಟರಿನ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅದರೊಳಗೆ ಲ್ಯಾಟೆಕ್ಸ್ ಸುರಿದಾಗ ರಂಧ್ರಗಳು ನೀರನ್ನು ಹೀರಿಕೊಳ್ಳುತ್ತವೆ, ರಬ್ಬರಿನ ಕಣಗಳು ಅಚ್ಚಿನ ಗೋಡೆಗೆ ಪದರವಾಗಿ ಕೂರುತ್ತವೆ; ಪ್ಲಾಸ್ಟರಿನಲ್ಲಿರುವ ಕ್ಯಾಲ್ಸಿಯಂ ಕೂಡ ಆ ಕಣಗಳು ಒಂದಕ್ಕೊಂದು ಅಂಟಿಕೊಳ್ಳಲು ನೆರವಾಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಪದರ ದಪ್ಪವಾಗುತ್ತದೆ, ಉಳಿದ ದ್ರವವನ್ನು ಮತ್ತೆ ಡಬ್ಬಕ್ಕೆ ಬಗ್ಗಿಸಿಕೊಳ್ಳಬಹುದು. ಸಿಲಿಕೋನಿನ ಅಚ್ಚು ನೀರು ಹೀರುವುದಿಲ್ಲವಾದ್ದರಿಂದ ಅದರಲ್ಲಿ ಈ ಪದರ ತಾನಾಗಿ ಕಟ್ಟುವುದಿಲ್ಲ. ಬ್ರಷ್ಷಿನಿಂದ ಬಳಿದು ಬಳಿದು ಒಣಗಿಸಬೇಕಾಗುತ್ತದೆ. ಹೀಗೆ ಪ್ಲಾಸ್ಟರಿನ ಬಾಯಾರಿಕೆಯೇ ಈ ವಿಧಾನದ ಬಂಡವಾಳವಾದ್ದರಿಂದ, ಆ ರಂಧ್ರಗಳನ್ನು ಮುಚ್ಚುವ ಯಾವುದನ್ನೂ ಮಣ್ಣಿನ ಮೇಲೆ ಬಳಿಯಬಾರದು.

ಇನ್ನೊಂದು ಸಂಗತಿ ಅಚ್ಚಿನಲ್ಲಿ ಎಲ್ಲವೂ ತಿರುವುಮುರುವಾಗುವುದು. ಹಳೆ ಮೈಸೂರಿನ ಸೋಮನ ಕುಣಿತದ ಮುಖವಾಡವನ್ನು ಮರದಲ್ಲಿ ಕೆತ್ತುವ ಕುಶಲಕರ್ಮಿಗೆ ಈ ತೊಡಕಿಲ್ಲ. ಅವರು ಕೆತ್ತಿದ ಗೆರೆ ಗೆರೆಯಾಗಿಯೇ ಉಳಿಯುತ್ತದೆ. ನಾವು ಮಣ್ಣಿನಲ್ಲಿ ಕೊರೆದ ಗೆರೆಯಾದರೋ ಪ್ಲಾಸ್ಟರಿನಲ್ಲಿ ಗೋಡೆಯಾಗಿ ಎದ್ದು ನಿಲ್ಲುತ್ತದೆ, ಅನಂತರ ಲ್ಯಾಟೆಕ್ಸಿನಲ್ಲಿ ಮತ್ತೆ ಗೆರೆಯಾಗುತ್ತದೆ. ಹಣೆಯ ಸುಕ್ಕನ್ನು ಸೂಜಿಯಿಂದ ಆಳವಾಗಿ, ಕಿರಿದಾಗಿ ಕೊರೆದರೆ ಅಚ್ಚಿನಲ್ಲಿ ಅದು ಕಾಗದದಷ್ಟು ತೆಳ್ಳನೆಯ ಏಣಾಗಿ ನಿಂತು, ಮಣ್ಣನ್ನು ತೊಳೆಯುವಾಗಲೇ ಮುರಿದುಹೋಗುತ್ತದೆ. ಪ್ಲಾಸ್ಟರಿನಲ್ಲಿ ಉಳಿದುಕೊಂಡ ಗಾಳಿಯ ಗುಳ್ಳೆ ಮುಖವಾಡದ ಮೇಲೆ ನರುಳೆಯಾಗುತ್ತದೆ. ಮಣ್ಣಿನ ಮೇಲೆ ಅಂಟಿಕೊಂಡಿದ್ದ ಮರಳಿನ ಕಣವೂ ಅಚ್ಚಿನಲ್ಲಿ ಕುಳಿಯಾಗಿ ಉಳಿದು, ಅಲ್ಲಿಂದ ಎಷ್ಟು ಮುಖವಾಡ ತೆಗೆದರೂ ಪ್ರತಿಯೊಂದರ ಮೇಲೆಯೂ ಗುಳ್ಳೆಯಾಗಿ ಹುಟ್ಟುತ್ತದೆ. ಈ ಲೆಕ್ಕವನ್ನು ಮನಸ್ಸಿನಲ್ಲಿ ಹಾಕುತ್ತಲೇ ಶಿಲ್ಪವನ್ನು ನೋಡುವ ಅಭ್ಯಾಸ ನನಗೆ ಬಂದದ್ದು ಎರಡು ಮುಖವಾಡಗಳು ಕೆಟ್ಟ ಮೇಲೆ.

ಮಣ್ಣನ್ನು ಬೆನ್ಸನ್ ಟೌನಿನ ಮಗ್ಗುಲಿನ ಪಾಟರಿ ಟೌನಿನಿಂದ ತಂದೆ. ಆಷಾಢದಲ್ಲಿ ಅಲ್ಲಿ ಗಣೇಶನ ಮೂರ್ತಿಗಳ ಕೆಲಸ ಭರದಿಂದ ಸಾಗಿರುತ್ತದೆ, ಬಣ್ಣವಿಲ್ಲದ, ಇನ್ನೂ ಸೊಂಡಿಲು ಕೂಡಿಸದ ಗಣಪತಿಗಳ ಸಾಲಿನ ನಡುವೆ ನಿಂತು ಹದಿನೈದು ಕಿಲೋ ಮಣ್ಣು ಕೇಳಿದಾಗ, ಅಲ್ಲಿದ್ದ ಹಿರಿಯರು "ಮಡಕೆಗಾಮ್ಮಾ, ಗೊಂಬೆಗಾ?" ಎಂದು ಕೇಳಿ, ಗೊಂಬೆಗೆ ಎಂದ ಮೇಲೆ ಬೇರೆ ಗುಡ್ಡೆಯಿಂದ ತೆಗೆದುಕೊಟ್ಟರು. ಎಣ್ಣೆ ಬೆರೆಸಿದ, ಒಣಗದ ಶಿಲ್ಪಮಣ್ಣು ಕೂಡ ಸಿಗುತ್ತದೆ. ಸೂಕ್ಷ್ಮ ಕೆಲಸಕ್ಕೆ ಅದು ಹೆಚ್ಚು ಅನುಕೂಲ, ತಿಂಗಳುಗಟ್ಟಲೆ ಬಿಟ್ಟರೂ ಬಿರುಕು ಬಿಡುವುದಿಲ್ಲ. ಅಂಥ ಮಣ್ಣುಗಳಲ್ಲಿ ಕೆಲವಕ್ಕೆ ಗಂಧಕ ಸೇರಿಸಿರುತ್ತಾರೆ. ಪ್ಲಾಟಿನಂ ಬಗೆಯ ಸಿಲಿಕೋನ್ ಅದಕ್ಕೆ ತಾಗಿದರೆ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ, ಪ್ಲಾಸ್ಟರಿಗೆ ಮಾತ್ರ ಅದರಿಂದ ತೊಂದರೆಯಿಲ್ಲ. ನಾನು ನೀರಿನ ಮಣ್ಣನ್ನೇ ಆರಿಸಿಕೊಂಡದ್ದು ಬೆಲೆಯ ಕಾರಣಕ್ಕೆ, ಮತ್ತು ಹಸಿಮಣ್ಣಿಗೆ ಪ್ಲಾಸ್ಟರ್ ಅಂಟಿಕೊಳ್ಳುವುದಿಲ್ಲವೆಂಬ ಕಾರಣಕ್ಕೆ. ತಂದ ಮಣ್ಣನ್ನು ನೀರಿನಲ್ಲಿ ಕದಡಿ, ಹಳೆಯ ಪಂಚೆಯಲ್ಲಿ ಸೋಸಿ, ಕಲ್ಲು ಮರಳು ತೆಗೆದು, ಮತ್ತೆ ಹದಕ್ಕೆ ಬರುವವರೆಗೆ ತಾರಸಿಯ ಮೇಲೆ ಹರಡುವುದಕ್ಕೆ ಮೂರು ದಿನ ಹಿಡಿಯಿತು. ಮೇಲ್ಪದರದ ಮಣ್ಣಿಗಾದರೂ ಈ ಸೋಸುವಿಕೆಯನ್ನು ತಪ್ಪಿಸಬಾರದು.

ಒಳಗಿನ ಆಧಾರಕ್ಕೆ, ಚಿಕ್ಕಪೇಟೆಯ ಸುತ್ತಿನ ಬೀದಿಗಳಲ್ಲಿ ಬಟ್ಟೆ ಅಂಗಡಿಯವರಿಗೆ ಮಾರುವ ಪ್ಲಾಸ್ಟಿಕ್ ಗೊಂಬೆತಲೆಯೊಂದನ್ನು ತಂದು ಹಲಗೆಗೆ ಬಡಿದ ಗೂಟದ ಮೇಲೆ ಕೂರಿಸಿದೆ. ಇಲ್ಲಿ ಒಂದು ಮೋಸವಿದೆ. ಆ ಗೊಂಬೆಯ ತಲೆಸುತ್ತು 53 ಸೆಂಟಿಮೀಟರ್ ಇತ್ತು. ಬಕಾಸುರನ ಪಾತ್ರ ಮಾಡುವ ಹುಡುಗನ ತಲೆಸುತ್ತು 57. ಸಾಲದ್ದಕ್ಕೆ ಲ್ಯಾಟೆಕ್ಸ್ ಒಣಗುತ್ತ ನೂರಕ್ಕೆ ಐದರಷ್ಟಾದರೂ ಕುಗ್ಗುತ್ತದೆ, ಕೆಲವೊಮ್ಮೆ ಹತ್ತರಷ್ಟು. ಗೊಂಬೆಯ ಅಳತೆಯನ್ನೇ ನಂಬಿದ್ದರೆ ಮುಖವಾಡ ಹುಡುಗನ ತಂಗಿಗೆ ಸರಿಹೋಗುತ್ತಿತ್ತು. ಆದ್ದರಿಂದ ಗೊಂಬೆಯ ನೆತ್ತಿ, ಹಿಂದಲೆ, ಗಲ್ಲ ಎಲ್ಲ ಕಡೆಗಳಲ್ಲಿಯೂ ಮೊದಲು ಮಣ್ಣು ಹೊದಿಸಿ ನಟನ ತಲೆಯ ಅಳತೆಗೆ ತಂದು, ಅದರ ಮೇಲೆ ಕನಿಷ್ಠ ಒಂದು ಸೆಂಟಿಮೀಟರ್ ಮಣ್ಣು ಇರುವಂತೆ ನೋಡಿಕೊಂಡು, ಆಮೇಲೆ ರಾಕ್ಷಸನ ಹುಬ್ಬುಗಳನ್ನು ಕಟ್ಟತೊಡಗಿದೆ. ಕತ್ತನ್ನು ಬೇಕಾದದ್ದಕ್ಕಿಂತ ನಾಲ್ಕು ಬೆರಳು ಉದ್ದವಾಗಿ ಹಲಗೆಯವರೆಗೂ ಇಳಿಸಿದೆ. ಅಚ್ಚು ತಲೆಕೆಳಗಾದಾಗ ಲ್ಯಾಟೆಕ್ಸ್ ಸುರಿಯುವ ಬಾಯಿ ಇದೇ ಕತ್ತು. ಮುಖವಾಡದ ಅಂಚು ಯಾವಾಗಲೂ ಸೊಟ್ಟಗೆ, ತೆಳುವಾಗಿ ಬರುವುದರಿಂದ ಕತ್ತರಿಸಿ ಎಸೆಯಲು ಹೆಚ್ಚುವರಿ ಇರಬೇಕು.

ಶಿಲ್ಪ ಮಾಡಿದ ಬಗೆಯನ್ನು ಇಲ್ಲಿ ಹೇಳುವುದಿಲ್ಲ. ಕೆಲಸವಿಲ್ಲದ ಹೊತ್ತಿನಲ್ಲಿ ಒದ್ದೆಬಟ್ಟೆ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಚೀಲ ಮುಚ್ಚಿಡುತ್ತಿದ್ದೆನೆಂಬುದನ್ನು ಮಾತ್ರ ಹೇಳಬೇಕು, ಏಕೆಂದರೆ ಒಳಗಿನ ಗಟ್ಟಿ ಆಧಾರ ಕುಗ್ಗುವುದಿಲ್ಲ, ಹೊರಗಿನ ಮಣ್ಣು ಒಣಗಿ ಕುಗ್ಗುತ್ತದೆ, ಹಣೆ ನಡುಮಧ್ಯದಲ್ಲಿ ಸೀಳುತ್ತದೆ. ಬಟ್ಟೆ ಒಣಗಿಸಲು ಮೇಲೆ ಬಂದ ಓನರ್ ಆಂಟಿ ಆ ಮುಸುಕು ಹಾಕಿದ ಆಕೃತಿಯನ್ನು ಕಂಡು, "ಯಾರೇ ಅದು, ಜ್ವರ ಬಂದವರ ಹಾಗೆ ಕೂತಿರೋದು?" ಎಂದು ಮೆಟ್ಟಿಲಲ್ಲೇ ನಿಂತುಬಿಟ್ಟಿದ್ದರು.

ಮೊದಲ ಎರಡು ದಿನಗಳು ಮೇಲ್ಮೈಗೆ ಹೋದವು. ರಾತ್ರಿ ದೀಪ ಆರಿಸಿ, ಟಾರ್ಚನ್ನು ಶಿಲ್ಪದ ಪಕ್ಕದಿಂದ, ಕೆನ್ನೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದು ನೋಡಿದಾಗ, ಹಗಲಿನಲ್ಲಿ ನುಣುಪಾಗಿ ಕಂಡಿದ್ದ ಮೈಮೇಲೆ ಬೆರಳಿನ ಗುರುತುಗಳು, ಸಾಧನದ ಗೀರುಗಳು, ಅರ್ಥವಿಲ್ಲದ ಉಬ್ಬುತಗ್ಗುಗಳು ಒಂದೊಂದಾಗಿ ನೆರಳು ಚೆಲ್ಲಿ ಎದ್ದು ಕಂಡವು. ರಂಗದ ಮೇಲೆ ಬೆಳಕು ಪಕ್ಕಗಳಿಂದಲೂ ಬರುತ್ತದೆ ಎಂಬುದನ್ನು ನೆನೆದರೆ ಈ ಪರೀಕ್ಷೆ ಅತಿಯೆನಿಸುವುದಿಲ್ಲ. ಮಣ್ಣು ಮುಟ್ಟಿದರೆ ಒತ್ತಿಹೋಗದಷ್ಟು ಬಿಗಿಯಾದ ಮೇಲೆ, ಅಂದರೆ ಹಲಸಿನ ಬೀಜದ ಹೊರಸಿಪ್ಪೆಯಷ್ಟು ಮೆತುವಾಗಿರುವಾಗ, ಮೃದುವಾದ ಬ್ರಷ್ಷನ್ನು ನೀರಿಗೆ ಅದ್ದಿ, ಚೆನ್ನಾಗಿ ಹಿಂಡಿ, ಗೀರುಗಳನ್ನು ಸವರುತ್ತ ಹೋದೆ. ನೀರು ಹೆಚ್ಚಾದರೆ ನಯವಾದ ಮಣ್ಣು ಕರಗಿ ಇಳಿದು, ಅದರಡಿಯ ತರಿ ಮೇಲೆದ್ದು, ಮುಖ ಉಜ್ಜುಗಾಗದದಂತಾಗುತ್ತದೆ. ಮೊದಲ ಮುಖವಾಡದಲ್ಲಿ ಆದದ್ದು ಅದೇ.

ಚರ್ಮದ ಸುಕ್ಕು ಮತ್ತು ರಂಧ್ರಗಳ ವಿಷಯದಲ್ಲಿ ನನಗೆ ಹೆಚ್ಚು ಹಿಡಿಸಿದ ಉಪಾಯವೆಂದರೆ ಅಡುಗೆಮನೆಯಲ್ಲಿ ತಿನಿಸು ಮುಚ್ಚಲು ಬಳಸುವ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಅದನ್ನು ಮಣ್ಣಿನ ಮೇಲೆ ಹಾಸಿ, ಅದರ ಮೇಲಿನಿಂದ ಗೆರೆ ಎಳೆದರೆ ಗೆರೆಯ ಅಂಚುಗಳು ಹರಿತವಾಗದೆ ದುಂಡಗೆ, ಬಾಯಿ ಅಗಲವಾಗಿ ಬರುತ್ತವೆ. ನಿಜವಾದ ಸುಕ್ಕೂ ಹಾಗೆಯೇ ಇರುತ್ತದೆ. ಅಚ್ಚಿನಲ್ಲಿ ಅದರಿಂದ ಏಳುವ ಏಣಿಗೂ ಬುಡ ಅಗಲವಾಗಿದ್ದು, ಅದು ಮುರಿಯುವುದಿಲ್ಲ. ರಂಧ್ರಗಳಿಗೆ ಕಿತ್ತಳೆಯ ಸಿಪ್ಪೆಯನ್ನು ಒತ್ತಿದರೆ ಸಾಕೆಂದು ಹಲವರು ಹೇಳುವುದುಂಟು. ಸಿಪ್ಪೆಯ ಮೇಲೆ ಇರುವುದು ಕುಳಿಗಳು. ಅದನ್ನೇ ಒತ್ತಿದರೆ ಮಣ್ಣಿನ ಮೇಲೆ ಏಳುವುದು ಗುಳ್ಳೆಗಳು, ರಾಕ್ಷಸನಿಗೆ ಬೆವರುಸಾಲೆ ಬಂದಂತೆ. ಸಿಪ್ಪೆಯ ಮೇಲೆ ನಾಲ್ಕಾರು ಪದರ ಲ್ಯಾಟೆಕ್ಸ್ ಬಳಿದು, ಒಣಗಿದ ಮೇಲೆ ಸುಲಿದು, ಆ ರಬ್ಬರಿನ ಚಪ್ಪೆಯನ್ನು ಒತ್ತಿದರೆ ಮಾತ್ರ ಕುಳಿ ಕುಳಿಯಾಗಿಯೇ ಮೂಡುತ್ತದೆ. ನಾನು ಕೊಡಗಿನ ಕಿತ್ತಳೆಯೊಂದರಿಂದ ಮೂಗಿಗೂ ಕೆನ್ನೆಗೂ, ನಿಂಬೆಹಣ್ಣಿನಿಂದ ಹಣೆಗೂ ಇಂಥ ಮುದ್ರೆಗಳನ್ನು ಮಾಡಿಕೊಂಡೆ. ಎಲ್ಲ ಕಡೆ ಒಂದೇ ಸಮನೆ ಒತ್ತಿದರೆ ಕೃತಕವಾಗಿ ಕಾಣುತ್ತದೆಯಾದ್ದರಿಂದ ಮೂಗಿನ ಪಕ್ಕದಲ್ಲಿ ಗಟ್ಟಿಯಾಗಿಯೂ ಕಿವಿಯ ಕಡೆಗೆ ಹೋಗುತ್ತ ಹಗುರವಾಗಿಯೂ ಒತ್ತಿದೆ.

ಮೂರನೆಯ ದಿನ ಪೂರ್ತಿ ಶಿಲ್ಪವನ್ನು ಒಂದು ರೀತಿಯಲ್ಲಿ ಹಾಳುಮಾಡುವುದಕ್ಕೆ ಹೋಯಿತು. ಬಕಾಸುರನಿಗೆ ನಾನು ಆಸೆಪಟ್ಟು ಎರಡು ಕೋರೆಹಲ್ಲು ಇಟ್ಟಿದ್ದೆ, ಬಾಯಿಯನ್ನು ಆಳವಾಗಿ ತೋಡಿದ್ದೆ, ಮೂಗಿನ ಹೊಳ್ಳೆಗಳಲ್ಲಿ ಬೆರಳು ಹೋಗುವಷ್ಟು ಜಾಗ ಬಿಟ್ಟಿದ್ದೆ. ಕಣ್ಣಿಗೆ ಇವೆಲ್ಲ ಚೆಂದ. ಅಚ್ಚಿಗೆ ಇವೆಲ್ಲ ಕೊಕ್ಕೆಗಳು. ಬಾಯಿಯ ಗವಿಯೊಳಗೆ ಹೋದ ಪ್ಲಾಸ್ಟರ್ ಉದ್ದನೆಯ ನಾಲಿಗೆಯಾಗಿ ನಿಂತು, ಮೊದಲ ಮುಖವಾಡವನ್ನು ಎಳೆಯುವಾಗಲೇ ಮುರಿಯುತ್ತದೆ. ರಬ್ಬರ್ ಬಾಗುವ ವಸ್ತುವಾದ್ದರಿಂದ ಅಲ್ಪಸ್ವಲ್ಪ ಒಳಬಾಗುಗಳನ್ನು ಅದು ಸಹಿಸಿಕೊಂಡು ಹೊರಬರುತ್ತದೆ, ಮೆತ್ತನೆಯ ಮಣ್ಣನ್ನಂತೂ ಕೆರೆದು ತೆಗೆಯಬಹುದು. ಆದರೆ ತೆಳ್ಳಗೆ ಚಾಚಿಕೊಂಡ ಪ್ಲಾಸ್ಟರಿಗೆ ತಾಳಿಕೆ ಇಲ್ಲ. ಕೋರೆಗಳನ್ನು ಕಿತ್ತು, ಅವುಗಳ ಬುಡ ಕೂರುವ ತಗ್ಗನ್ನು ಮಾತ್ರ ಉಳಿಸಿದೆ. ಅವನ್ನು ಬೇರೆಯಾಗಿ ಗಟ್ಟಿ ವಸ್ತುವಿನಲ್ಲಿ ಎರೆದು ಆಮೇಲೆ ಅಂಟಿಸುವುದು ಒಳ್ಳೆಯದು, ರಬ್ಬರಿನ ಹಲ್ಲು ನಡೆದಾಗ ಅಲ್ಲಾಡುತ್ತದೆ. ಬಾಯಿಯನ್ನು ತುಟಿಯ ಒಳಗೆ ಎರಡು ಸೆಂಟಿಮೀಟರಿಗೆ ಮಣ್ಣು ತುಂಬಿ ಮುಚ್ಚಿದೆ, ಹೊಳ್ಳೆಗಳನ್ನು ತೇಲಿಸಿದೆ. ಮುಂದೆ ಅವನ್ನು ಕತ್ತರಿಯಿಂದ ತೆರೆದುಕೊಂಡರಾಯಿತು. ಕಣ್ಣುಗುಡ್ಡೆಯ ಜಾಗವನ್ನು ಸಪಾಟಾಗಿ, ರೆಪ್ಪೆಯ ಅಂಚನ್ನು ಖಚಿತವಾಗಿ ಇಟ್ಟರೆ ಕತ್ತರಿ ಎಲ್ಲಿ ಓಡಬೇಕೆಂಬ ಗೊಂದಲವಿರುವುದಿಲ್ಲ.

ನಾಲ್ಕನೆಯ ದಿನ ಕೂಡುಗೆರೆಯ ದಿನ. ಇಡೀ ತಲೆಯ ಅಚ್ಚನ್ನು ಮುಂದಿನ ಅರ್ಧ, ಹಿಂದಿನ ಅರ್ಧ ಎಂದು ಎರಡು ಭಾಗವಾಗಿ ಮಾಡಬೇಕು. ಅವೆರಡೂ ಸೇರುವ ಗೆರೆ ಮುಖವಾಡದ ಮೇಲೆ ರಬ್ಬರಿನ ತೆಳು ಅಂಚಾಗಿ ಉಳಿಯುತ್ತದೆ. ಅದನ್ನು ಕತ್ತರಿಸಿ ಸವರಿದರೂ ಹತ್ತಿರದಿಂದ ನೋಡಿದರೆ ತಿಳಿಯುತ್ತದೆಯಾದ್ದರಿಂದ ಗೆರೆಯನ್ನು ಕೂದಲು ಮುಚ್ಚುವ ಕಡೆಯಲ್ಲಿ ಹಾಯಿಸುವುದು ಜಾಣತನ. ತಲೆಯನ್ನು ನೇರ ಮುಂದಿನಿಂದ ನೋಡಿ, ಎರಡೂ ಪಕ್ಕಗಳಲ್ಲಿ ಎಲ್ಲಿ ಅದು ಅತಿ ಅಗಲವಾಗಿದೆಯೋ ಅಲ್ಲಿ ಚುಕ್ಕೆಗಳನ್ನಿಟ್ಟು, ನೆತ್ತಿಯ ಮೇಲಿನಿಂದ ಒಂದು ದಾರವನ್ನು ಇಳಿಬಿಟ್ಟು ಚುಕ್ಕೆಗಳನ್ನು ಸೇರಿಸಿದೆ. ಕಿವಿಯ ಹತ್ತಿರ ಬಂದಾಗ ದಾರ ಕೈಕೊಟ್ಟಿತು. ರಾಕ್ಷಸನ ಕಿವಿ ಹೊರಕ್ಕೆ ಚಾಚಿ, ಹಿಂದಕ್ಕೆ ಬಾಗಿತ್ತು. ಗೆರೆಯನ್ನು ಕಿವಿಯ ಮುಂದೆ ಹಾಯಿಸಿದರೆ ಅದು ಕೆನ್ನೆಯ ಮೇಲೆ ಕಾಣುತ್ತದೆ, ಹಿಂದೆ ಹಾಯಿಸಿದರೆ ಕಿವಿಯ ಹಿಂಭಾಗದ ಸಂದಿನಲ್ಲಿ ಮುಂದಿನ ಅಚ್ಚು ಕಚ್ಚಿಕೊಳ್ಳುತ್ತದೆ. ಕೊನೆಗೆ ಕಿವಿಯ ಹೊರ ಅಂಚಿನ ಮೇಲೆಯೇ ಗೆರೆಯನ್ನು ಹತ್ತಿಸಿ, ಹಾಲೆಯ ತುದಿಯಿಂದ ಕತ್ತಿಗೆ ಇಳಿಸಿದೆ; ಕಿವಿಗೂ ತಲೆಗೂ ನಡುವಿನ ಸಂದನ್ನು ಮಣ್ಣಿನಿಂದ ಅರ್ಧಕ್ಕೆ ತುಂಬಿದೆ. ಕಿವಿ ಸ್ವಲ್ಪ ದಪ್ಪವಾಯಿತು, ಬಕಾಸುರನಿಗೆ ಅದು ಒಪ್ಪಿತು.

ಆ ಗೆರೆಯ ಗುಂಟ ಮಣ್ಣಿನ ಗೋಡೆ ಕಟ್ಟಬೇಕು. ಒಂದು ಸೆಂಟಿಮೀಟರ್ ದಪ್ಪ, ಐದು ಸೆಂಟಿಮೀಟರ್ ಅಗಲದ ಪಟ್ಟಿಗಳನ್ನು ಚಪಾತಿ ಲಟ್ಟಿಸಿದಂತೆ ಲಟ್ಟಿಸಿ, ಕತ್ತರಿಸಿ, ಅರ್ಧ ಗಂಟೆ ಬಿಗಿಯಾಗಲು ಬಿಟ್ಟು, ಶಿಲ್ಪಕ್ಕೆ ಲಂಬವಾಗಿ ನಿಲ್ಲಿಸುತ್ತ ಬಂದೆ. ಬೀಳದಂತೆ ಹಿಂಬದಿಯಲ್ಲಿ ಮಣ್ಣಿನ ಮುದ್ದೆಗಳ ಆಸರೆ ಕೊಟ್ಟೆ. ತೆಳ್ಳನೆಯ ಲೋಹದ ತಗಡಿನ ಚೂರುಗಳನ್ನು ಚುಚ್ಚಿಯೂ ಈ ಗೋಡೆ ಮಾಡುತ್ತಾರೆ. ಹಾಗೆ ಮಾಡುವವರು ಅಲ್ಯೂಮಿನಿಯಂ ಬಳಸುವುದು ಕ್ಷೇಮ, ತಾಮ್ರದ ಅಂಶ ಎಲ್ಲಿ ತಾಗಿದರೂ ರಬ್ಬರ್ ಬೇಗ ಹಾಳಾಗುತ್ತದೆ, ಹಿತ್ತಾಳೆಯಲ್ಲಿಯೂ ತಾಮ್ರವಿದೆ. ಗೋಡೆ ಮುಖಕ್ಕೆ ಸೇರುವ ಮೂಲೆಯೇ ಇಡೀ ಕೆಲಸದ ಮರ್ಮಸ್ಥಾನ. ಅಲ್ಲಿ ಕೂದಲೆಳೆಯಷ್ಟು ಸಂದಿ ಉಳಿದರೂ ಪ್ಲಾಸ್ಟರ್ ನುಗ್ಗಿ, ಅಚ್ಚಿನ ಅಂಚು ಗರಗಸದಂತಾಗುತ್ತದೆ. ಸಂದಿಯನ್ನು ಬೆರಳಿನಿಂದ ಸವರಿ ಮುಚ್ಚಿದರೆ ಮೂಲೆ ದುಂಡಗಾಗಿ, ಎರಡು ಅಚ್ಚುಗಳ ನಡುವೆ ಕಾಲುವೆಯೊಂದು ಉಳಿದು ಲ್ಯಾಟೆಕ್ಸ್ ಸೋರುತ್ತದೆ. ಚೂಪುತುದಿಯ ಬಿದಿರಿನ ಕಡ್ಡಿಯಿಂದ ಆ ಮೂಲೆಯನ್ನು ಚೌಕವಾಗಿ ತಿದ್ದುತ್ತ ಒಂದು ಸುತ್ತು ಬರುವುದಕ್ಕೆ ನನಗೆ ಮೂರು ಗಂಟೆ ಹಿಡಿಯಿತು. ಕೆಲಸ ಓರಣವಾಗಿದ್ದರೆ 'ಅಚ್ಚುಕಟ್ಟು' ಎನ್ನುವ ನಮ್ಮ ಮಾತು ಆ ಮಧ್ಯಾಹ್ನ ಹಲವು ಸಲ ನೆನಪಾಯಿತು. ಕೊನೆಯಲ್ಲಿ ಗೋಡೆಯ ಮುಂಬದಿಯಲ್ಲಿ ಚಮಚದ ಬೆನ್ನಿನಿಂದ ಐದು ದುಂಡನೆಯ ಗುಳಿಗಳನ್ನು ಒತ್ತಿದೆ. ಒಂದು ಅಚ್ಚಿನ ಉಬ್ಬು ಇನ್ನೊಂದರ ಗುಳಿಯಲ್ಲಿ ಕೂತು ಎರಡೂ ಅಲುಗದಂತೆ ಹಿಡಿದುಕೊಳ್ಳುವುದು ಇವುಗಳಿಂದ.

ಇನ್ನು ಎಣ್ಣೆಯ ವಿಷಯ. ಮೊದಲ ಮುಖವಾಡದ ಕಾಲದಲ್ಲಿ, ಪ್ಲಾಸ್ಟರ್ ಮಣ್ಣಿಗೆ ಅಂಟಿಬಿಟ್ಟರೆ ಎಂಬ ಭಯದಿಂದ ನಾನು ಶಿಲ್ಪಕ್ಕೆಲ್ಲ ಕೊಬ್ಬರಿ ಎಣ್ಣೆ ಸವರಿದ್ದೆ. ಅಚ್ಚು ಸುಖವಾಗಿ ಬಿಟ್ಟುಕೊಂಡಿತು. ಆದರೆ ಎಣ್ಣೆಯನ್ನು ಕುಡಿದ ಪ್ಲಾಸ್ಟರ್ ಆ ಜಾಗಗಳಲ್ಲಿ ನೀರು ಹೀರಲೇ ಇಲ್ಲ. ಮುಖವಾಡ ತೆಗೆದಾಗ ಹಣೆ ದಪ್ಪ, ಕೆನ್ನೆ ಈರುಳ್ಳಿಯ ಪೊರೆ. ಎಣ್ಣೆಯ ಜಿಡ್ಡು ತಾಗಿದ ಕಡೆ ರಬ್ಬರು ಊದಿಕೊಂಡು, ಕೆಲವೇ ವಾರಗಳಲ್ಲಿ ಅಂಟಂಟಾಗಿ ಹರಿಯಿತು. ಹಸಿಮಣ್ಣಿಗೆ ಏನನ್ನೂ ಬಳಿಯಬೇಕಾಗಿಲ್ಲ. ಪ್ಲಾಸ್ಟರ್ ಹಾಕುವ ಮುನ್ನ, ಒಣಗಿದಂತೆ ಕಂಡ ಕಡೆಗೆ ತುಂತುರು ನೀರು ಸಿಂಪಡಿಸಿ, ನಿಂತ ಹನಿಗಳನ್ನು ಬ್ರಷ್ಷಿನ ತುದಿಯಿಂದ ಹೀರಿ ತೆಗೆದರೆ ಸಾಕು.

ಐದನೆಯ ದಿನ ಪ್ಲಾಸ್ಟರ್. ಕಸ್ತೂರ್‌ಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಯ ಸಂಗ್ರಹದಲ್ಲಿ ಕೆ. ವೆಂಕಟಪ್ಪನವರ (1886–1965) ಪ್ಲಾಸ್ಟರ್ ಆಫ್ ಪ್ಯಾರಿಸ್ ಉಬ್ಬುಶಿಲ್ಪಗಳನ್ನು ಕಂಡವರಿಗೆ ಈ ಬಿಳಿಯ ಪುಡಿ ಎಷ್ಟು ನವುರಾದ ವಿವರವನ್ನು ಹಿಡಿದಿಡಬಲ್ಲದೆಂದು ಹೇಳಬೇಕಾಗಿಲ್ಲ. ಜಿಪ್ಸಂ ಕಲ್ಲನ್ನು ಕಾಯಿಸಿ ಅದರಲ್ಲಿನ ನೀರಿನಂಶವನ್ನು ಬಹುಪಾಲು ಓಡಿಸಿದಾಗ ಸಿಗುವ ಪುಡಿ ಅದು. ನೀರು ಕೊಟ್ಟರೆ ಬಿಸಿಯಾಗುತ್ತ ಮತ್ತೆ ಕಲ್ಲಾಗುತ್ತದೆ. ಆ ಬಿಸಿ ಕೈ ಸುಡುವಷ್ಟಿರಬಲ್ಲದು, ಗಟ್ಟಿಯಾಗುತ್ತಿರುವ ಪ್ಲಾಸ್ಟರಿನಲ್ಲಿ ಕೈ ಮುಳುಗಿಸಿ ಕೂರಬಾರದು. ಮಳೆಗಾಲದಲ್ಲಿ ಅಂಗಡಿಯ ತೆರೆದ ಚೀಲ ತೇವ ಹೀರಿಕೊಂಡಿರುತ್ತದೆ, ಮುಚ್ಚಿದ ಚೀಲವನ್ನೇ ತರಬೇಕು. ನೀರಿಗೆ ಪುಡಿಯನ್ನು ಉದುರಿಸಬೇಕೇ ಹೊರತು ಪುಡಿಗೆ ನೀರು ಸುರಿಯಬಾರದು. ನೀರಿನ ಮೇಲೆ ಒಣಪುಡಿಯ ನಡುಗಡ್ಡೆಗಳು ಕಾಣುವವರೆಗೆ ಉದುರಿಸಿ, ಒಂದೆರಡು ನಿಮಿಷ ನೆನೆಯಲು ಬಿಟ್ಟು, ಕೈಯನ್ನು ತಳದಲ್ಲೇ ಇಟ್ಟು ನಿಧಾನವಾಗಿ ಕದಡಿದರೆ ಗುಳ್ಳೆ ಕಡಿಮೆ. ಹಿಂದಿನ ಸಲದ ಗಟ್ಟಿಯಾದ ಚೂರುಗಳು ಬಕೆಟ್ಟಿನಲ್ಲಿ ಉಳಿದಿದ್ದರೆ ಹೊಸದು ಅವಸರವಾಗಿ ಗಟ್ಟಿಯಾಗಿಬಿಡುತ್ತದೆ. ಮೊದಲ ಪದರವನ್ನು ಬ್ರಷ್ಷಿನಿಂದ ಎರಚುತ್ತ, ಸುಕ್ಕುಗಳ ಒಳಗೆ ಬಾಯಿಂದ ಊದುತ್ತ, ಪ್ರತಿಯೊಂದು ಗುಳ್ಳೆಯನ್ನೂ ಒಡೆದು ಮುನ್ನಡೆದೆ. ಅದು ಬಿಗಿಯಾದ ಮೇಲೆ ಗೋಣಿಚೀಲದ ಚೂರುಗಳನ್ನು ಪ್ಲಾಸ್ಟರಿನಲ್ಲಿ ಅದ್ದಿ ಹೊದಿಸಿ ಮೂರು ಸೆಂಟಿಮೀಟರ್ ದಪ್ಪಕ್ಕೆ ತಂದೆ. ಬಕೆಟ್ ತೊಳೆದ ನೀರನ್ನು ಮೋರಿಗೆ ಬಿಡಬಾರದು, ಕೊಳವೆಯೊಳಗೆ ಕಲ್ಲಾಗುತ್ತದೆ.

ಮುಂದಿನ ಅರ್ಧ ತಣ್ಣಗಾದ ಮೇಲೆ ಮಣ್ಣಿನ ಗೋಡೆಯನ್ನು ಬಿಚ್ಚಿ, ಹೊರಗೆ ಕಂಡ ಪ್ಲಾಸ್ಟರಿನ ಅಂಚಿಗೆ ಬಟ್ಟೆಸೋಪನ್ನು ಬಿಸಿನೀರಿನಲ್ಲಿ ಕರಗಿಸಿದ ಗಂಜಿಯನ್ನು ಮೂರು ಸಲ ಬಳಿದು ಒರೆಸಿದೆ. ಹಸಿಮಣ್ಣಿಗೆ ಅಂಟದ ಪ್ಲಾಸ್ಟರ್, ಪ್ಲಾಸ್ಟರಿಗೆ ಮಾತ್ರ ಜನ್ಮಾಂತರದ ಬಂಧುವಿನಂತೆ ಅಂಟುತ್ತದೆ. ಎರಡನೆಯ ಮುಖವಾಡದಲ್ಲಿ ಎಡಗಿವಿಯ ಬಳಿ ಅಂಗೈಯಗಲ ಜಾಗಕ್ಕೆ ಸೋಪು ಹಚ್ಚುವುದನ್ನು ಮರೆತು, ಎರಡೂ ಅರ್ಧಗಳು ಒಂದಾಗಿ, ಉಳಿ ಸುತ್ತಿಗೆ ಹಿಡಿದು ಬಿಡಿಸುವಷ್ಟರಲ್ಲಿ ಕಿವಿಯ ಅಚ್ಚು ನಾಲ್ಕು ಚೂರಾಗಿತ್ತು. ಆ ಕಿವಿಯನ್ನು ಟೋಪಿಯಿಂದ ಮುಚ್ಚಿ ನಾಟಕ ಮುಗಿಸಿದೆವು. ಈ ಬಾರಿ ಸೋಪಿಗೆ ಚಿಟಿಕೆ ಅರಿಸಿನ ಬೆರೆಸಿದೆ; ಸೋಪಿನ ಕ್ಷಾರಕ್ಕೆ ಅದು ಕೆಂಪಾಗುತ್ತದೆ, ಕೆಂಪು ಕಾಣದ ಜಾಗವೆಂದರೆ ಬಳಿಯದ ಜಾಗ. ಅಂಚಿನ ಮೂರು ಕಡೆ ಬೆಣೆ ತೂರಿಸಲು ಅನುಕೂಲವಾಗುವಂತೆ ಮಣ್ಣಿನ ತುಂಡುಗಳನ್ನು ಇಟ್ಟು, ಹಿಂದಿನ ಅರ್ಧವನ್ನೂ ಹಾಕಿದೆ.

ಮರುದಿನ ಬೆಳಿಗ್ಗೆ ಸಂದಿಗೆ ನೀರು ಸುರಿದು ಮರದ ಬೆಣೆಗಳನ್ನು ಒಂದೊಂದಾಗಿ ಬಡಿದಾಗ, ಹೀರುವಂಥ ಸದ್ದು ಮಾಡಿ ಹಿಂಭಾಗ ಬಿಟ್ಟುಕೊಂಡಿತು. ಮುಂಭಾಗದಿಂದ ಮುಖವನ್ನು ಇಡಿಯಾಗಿ ತೆಗೆಯಲು ಬರುವುದಿಲ್ಲ. ಮಣ್ಣನ್ನು ಹಿಡಿ ಹಿಡಿಯಾಗಿ ಬಗೆದು ತೆಗೆಯಬೇಕು, ಮೂಗು ಒಂದು ಮುದ್ದೆಯಲ್ಲಿ, ತುಟಿ ಇನ್ನೊಂದರಲ್ಲಿ ಬರುತ್ತವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆಯೂ ಕುಂಬಾರನ ಕೈಯಲ್ಲೇ. ಆ ಮಣ್ಣನ್ನು ಪಾಟರಿ ಟೌನಿಗೆ ಹಿಂದಿರುಗಿಸುವ ಹಾಗೂ ಇಲ್ಲ, ಪ್ಲಾಸ್ಟರಿನ ಚೂರು ಸೇರಿದ ಮಣ್ಣಿನಿಂದ ಮಾಡಿದ ಪಾತ್ರೆ ಸುಟ್ಟ ಮೇಲೆ ಅಲ್ಲಲ್ಲಿ ಸಿಡಿದು ಚಕ್ಕೆ ಏಳುತ್ತದೆ. ನಮ್ಮ ತಾರಸಿಯ ಸೇವಂತಿಗೆ ಕುಂಡಗಳಿಗೂ ಹಾಕದೆ, ಮುಂದಿನ ಅಚ್ಚಿನ ಗೋಡೆಗಳಿಗೆಂದು ಬಕೆಟ್ಟಿನಲ್ಲಿ ಮುಚ್ಚಿಟ್ಟಿದ್ದೇನೆ.

ಅಚ್ಚು ಒಣಗುವುದಕ್ಕೆ ಹದಿನೆಂಟು ದಿನ ಬೇಕಾಯಿತು. ಬೇಸಿಗೆಯಲ್ಲಾಗಿದ್ದರೆ ವಾರದಲ್ಲಿ ಆಗುತ್ತಿತ್ತು. ಅವಸರಪಟ್ಟು ಒಲೆಯ ಮುಂದಿಟ್ಟರೆ ಪ್ಲಾಸ್ಟರ್ ಮತ್ತೆ ನೀರು ಕಳೆದುಕೊಂಡು ಪುಡಿಪುಡಿಯಾಗುತ್ತದೆ, ಆದ್ದರಿಂದ ಫ್ಯಾನಿನ ಗಾಳಿಯೇ ಗತಿ. ಲ್ಯಾಟೆಕ್ಸ್ ಎರೆಯುವ ಕೆಲಸ ಇದೆಲ್ಲದರ ಮುಂದೆ ಹಗುರವಾದದ್ದು. ಎರಡು ಅರ್ಧಗಳನ್ನು ಸೈಕಲ್ಲಿನ ಹಳೆಯ ಟ್ಯೂಬಿನ ಪಟ್ಟಿಗಳಿಂದ ಬಿಗಿದು, ತಲೆಕೆಳಗಾಗಿ ನಿಲ್ಲಿಸಿ, ಮೊದಲೇ ಗಂಧಕದೊಡನೆ ಹದಗೊಳಿಸಿದ, ಒಣಗಿದರೆ ಸಾಕಾಗುವ ಬಗೆಯ ಲ್ಯಾಟೆಕ್ಸನ್ನು ಮೂರು ಲೀಟರ್ ಸುರಿದು, ನಲವತ್ತು ನಿಮಿಷ ಮೆಲ್ಲಗೆ ಉರುಳಿಸುತ್ತ ಕುಳಿತೆ. ರಬ್ಬರ್ ಎಂದರೆ ಕೇರಳವೇ ನೆನಪಾಗುತ್ತದೆ. ಸುಳ್ಯ, ಪುತ್ತೂರಿನ ಕಡೆಯ ತೋಟಗಳಲ್ಲಿಯೂ ಬೆಳಗಿನ ಜಾವ ಇದೇ ಹಾಲನ್ನು ಚಿಪ್ಪಿಗೆ ಇಳಿಸುತ್ತಾರೆ. ಕೆಲವರ ಮೈಗೆ ಈ ಹಾಲಿನ ಪ್ರೋಟೀನ್ ಒಗ್ಗುವುದಿಲ್ಲ, ತುರಿಕೆಯಿಂದ ಉಸಿರಾಟದ ತೊಂದರೆಯವರೆಗೂ ಹೋಗಬಹುದು. ಆದ್ದರಿಂದ ಪಾತ್ರಧಾರಿಗೆ ಅಂಥ ಅಲರ್ಜಿಯಿಲ್ಲವೆಂದು ಮಣ್ಣು ತರುವ ಮುಂಚೆಯೇ ಕೇಳಿ ಖಚಿತಪಡಿಸಿಕೊಂಡಿದ್ದೆ. ಎರಡು ದಿನ ಒಣಗಿಸಿ, ಒಳಗೆಲ್ಲ ಟಾಲ್ಕಂ ಪೌಡರ್ ಉದುರಿಸಿ, ಅಂಚಿನಿಂದ ಬಿಡಿಸುತ್ತ ಬಂದೆ. ಪೌಡರ್ ಇಲ್ಲದಿದ್ದರೆ ಹೊಸ ರಬ್ಬರ್ ತನಗೆ ತಾನೇ ಅಂಟಿಕೊಂಡು ಬಿಡಿಸಲಾಗದಂತಾಗುತ್ತದೆ.

ಮೊದಲ ಮುಖವಾಡ ಅಚ್ಚಿನಲ್ಲಿ ಉಳಿದಿದ್ದ ಮಣ್ಣಿನ ಕಣಗಳನ್ನೆಲ್ಲ ಎಳೆದುಕೊಂಡು, ಕಂದು ಮಚ್ಚೆಗಳೊಂದಿಗೆ ಹೊರಬಂದಿತು. ಅದು ಅಚ್ಚನ್ನು ಶುಚಿಮಾಡಲೆಂದೇ ತೆಗೆಯುವ ಮುಖವಾಡ, ತಾಲೀಮಿಗೆ ಸಾಕು. ಎರಡನೆಯದರಲ್ಲಿ ಕಿತ್ತಳೆಯ ರಂಧ್ರಗಳು ಮೂಗಿನ ಮೇಲೆ ಒಂದೂ ಬಿಡದೆ ಬಂದಿದ್ದವು. ಬಲಗಿವಿಯ ಮೇಲೆ ಕೂಡುಗೆರೆ ಎಲ್ಲಿದೆಯೆಂದು ಹುಡುಕಬೇಕಾಯಿತು, ಎಡಗಿವಿಯ ಹಾಲೆಯಲ್ಲಿ ಸ್ವಲ್ಪ ದಪ್ಪನಾಗಿ ಕಾಣುತ್ತಿತ್ತು. ಆ ಮೂಲೆಯನ್ನು ತಿದ್ದುವಾಗ ಮಳೆ ಬಂದು ಬಟ್ಟೆ ತೆಗೆಯಲು ಎದ್ದು ಹೋಗಿದ್ದೆನೆಂದು ಆಮೇಲೆ ನೆನಪಾಯಿತು. ಹಿಂದಲೆಯಲ್ಲಿ ಒಂದು ಗೇಣು ಸೀಳಿ ಹುಡುಗನಿಗೆ ತೊಡಿಸಿದೆವು. ಅವನು ಕನ್ನಡಿಯ ಮುಂದೆ ನಿಂತು ದವಡೆ ಆಡಿಸಿ ನೋಡಿ, "ಅಕ್ಕಾ, ಇದ್ರಲ್ಲಿ ನಿಜ್ವಾಗ್ಲೂ ತಿನ್ನಬಹುದಾ?" ಎಂದು ಕೇಳಿದ. ತಂಡದವರಲ್ಲೊಬ್ಬರು ತಟ್ಟೆಯಲ್ಲಿದ್ದ ಬೋಂಡಾವನ್ನು ಅವನ ಬಾಯಿಗಿಟ್ಟರು, ಎರಡು ತುಟಿಗಳೂ ಕೂಡಿಕೊಂಡು ಅದನ್ನು ಒಳಗೆಳೆದುಕೊಂಡವು. ಎಣ್ಣೆ ತಾಗಿದ ಕೆಳದುಟಿಯನ್ನು ನಾನು ತಕ್ಷಣವೇ ಸೋಪುನೀರಿನಿಂದ ಒರೆಸಿದೆ.